ಆಪರೇಟರ್ ಅಂಜಿನಯ್ಯ ಕತ್ತರಿಸಿದ ಎರಡು ನಿಮಿಷ

ಉಪ್ಪಾರಪೇಟೆಯ ಟಾಕೀಸೊಂದರಲ್ಲಿ ಮೂವತ್ತೊಂದು ವರ್ಷ ರೀಲು ಓಡಿಸಿದ ಅಂಜಿನಯ್ಯನಿಗೆ ಎಪ್ಪತ್ನಾಲ್ಕನೇ ವಯಸ್ಸಿನಲ್ಲಿ ಅಭಿಮಾನಿಗಳು ಹುಟ್ಟಿಕೊಂಡರು. ಟಾಕೀಸು ಕೆಡವಿ ಲಾಡ್ಜು ಕಟ್ಟಿದಾಗ ಒಂದು ನರಪಿಳ್ಳೆಯೂ ಅವನನ್ನು ಕೇಳಿರಲಿಲ್ಲ. ಈಗ ಫೇಸ್‌ಬುಕ್ಕಿನ ಹಳೇ ಸಿನಿಮಾ ಗುಂಪೊಂದರಲ್ಲಿ ಹನ್ನೆರಡು ಸಾವಿರ ಜನಕ್ಕೆ ಅವನು 'ಆಪರೇಟರ್ ತಾತ'. ಯಾವ ಚಿತ್ರ ಎಷ್ಟು ವಾರ ಓಡಿತು, ಯಾವ ಹಾಡಿಗೆ ಜನ ಚಿಲ್ಲರೆ ಎಸೆದರು, ಎಲ್ಲಕ್ಕೂ ಅವನ ಮಾತೇ ಕೊನೆ. ಶ್ರೀರಾಂಪುರದ ಪುಟ್ಟ ಮನೆಯಲ್ಲಿ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಒತ್ತುವಾಗ ಅವನ ಗತ್ತು ನೋಡಬೇಕು. "ನನ್ ಮಾತಿಗೆ ನೀನು ಯಾವತ್ತಾದ್ರೂ ಇಷ್ಟು ಬೆಲೆ ಕೊಟ್ಟಿದ್ದೀಯೇನೇ?" ಎಂದು ಹೆಂಡತಿ ಸಿದ್ದಮ್ಮನನ್ನು ಕೆಣಕುತ್ತಿದ್ದ.

ಹೋದ ತಿಂಗಳು ಗುಂಪಿನಲ್ಲಿ ಎಂಬತ್ತರ ದಶಕದ ಒಂದು ಗಿರಣಿ ಕಾರ್ಮಿಕರ ಚಿತ್ರದ ಮಾತು ಬಂತು. ಅದರ ಪ್ರಿಂಟು ಈಗ ಎಲ್ಲೂ ಇಲ್ಲ. ಡೈಲಾಗು ಮಾತ್ರ ಎಲ್ಲರ ಬಾಯಲ್ಲೂ ಇದೆ: "ಬೀಗ ನಿಮ್ದು, ಮುರಿಯೋ ಕೈ ನಮ್ದು!" ಹೀರೊ ಹಾಗೆ ಗುಡುಗಿ ಗೇಟಿನ ಬೀಗ ಒಡೆದದ್ದನ್ನು ಕಣ್ಣಾರೆ ಕಂಡೆವು, ಕಿವಿಯಾರೆ ಕೇಳಿದೆವು ಎಂದು ನೂರಾರು ಜನ ಆಣೆ ಹಾಕಿದರು.

ಒಬ್ಬಳು ಮಾತ್ರ ಬೇರೆ ಬರೆದಳು. "ಅದು ಹೀರೊ ಹೇಳಿದ್ದಲ್ಲ. ವಾಚ್‌ಮನ್ ಪಾರ್ಟು ಮಾಡಿದ್ದ ನಮ್ಮಪ್ಪ ಹೇಳಿದ್ದು. 'ಬೀಗ ನಿಮ್ದು ಸ್ವಾಮಿ, ಹಾಕಿದ್ ಕೈ ನಮ್ದು' ಅಂತ ತಲೆ ತಗ್ಗಿಸಿ ಹೇಳ್ತಾರೆ." ಬರೆದವಳು ಶಿವಕುಮಾರಿ. ಅವಳಪ್ಪ ಅಪ್ಪಯ್ಯ, ಅಂಜಿನಯ್ಯನ ಬಾಲ್ಯದ ಗೆಳೆಯ. ಇವತ್ತಿಗೂ ಇಬ್ಬರೂ ಬೆಳಗ್ಗೆ ಸಂಪಿಗೆ ರಸ್ತೆಯವರೆಗೆ ನಡೆದು ಟೀ ಕುಡಿದು ಬರುತ್ತಾರೆ.

ಗುಂಪು ಅವಳ ಮೇಲೆ ಮುಗಿಬಿತ್ತು. "ನಮ್ಮಪ್ಪಾನೂ ಅದ್ರಲ್ಲಿ ಗೇಟ್ ಆಗಿ ಆಕ್ಟ್ ಮಾಡಿದ್ರು ಗುರು" ಎಂದ ಒಬ್ಬ. ಅದಕ್ಕೆ ನಾನೂರು ನಗುಮುಖಗಳು ಬಿದ್ದವು. ಅವುಗಳಲ್ಲಿ ಒಂದು ಅಂಜಿನಯ್ಯನದು. ಎಲ್ಲರೂ ನಗುತ್ತಿದ್ದರು, ಇವನ ಬೆರಳೂ ಹೋಗಿ ಒತ್ತಿಬಿಟ್ಟಿತು. ಆಗಲೇ ಗುಂಪು ನಡೆಸುವ ಮಲ್ಲೇಶ್ವರದ ಸಂಕರ್ಷಣ ಕೇಳಿದ: "ಆಪರೇಟರ್ ತಾತ, ನೀವೇ ಹೇಳ್ಬಿಡಿ. ಆ ಸೀನ್ ಇತ್ತಾ?"

ಇತ್ತು. ಅಂಜಿನಯ್ಯನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಚಿತ್ರ ಉದ್ದವಾಗಿ ಮುಂದಿನ ಆಟಕ್ಕೆ ಹೊತ್ತಾದರೆ, ಆ ಟಾಕೀಸಿನ ಮ್ಯಾನೇಜರು ಒಂದು ತುಂಡು ತೆಗೆಸುತ್ತಿದ್ದ. ತೆಗೆದದ್ದನ್ನು ಸುತ್ತಿ ಡಬ್ಬಿಯಲ್ಲಿಟ್ಟು, ಪ್ರಿಂಟು ಬೇರೆ ಊರಿಗೆ ಹೊರಡುವ ಹಿಂದಿನ ದಿನ ಮತ್ತೆ ಅಂಟಿಸುವುದು ಆಪರೇಟರನ ಕೆಲಸ. "ಹೀರೊ ಇಲ್ದಿರೋದು ಯಾವ್ದಾದ್ರೂ ತೆಗಿ" ಎಂದಿದ್ದ ಮ್ಯಾನೇಜರು. ಹೀರೊ ಇಲ್ಲದ ದೃಶ್ಯಗಳು ಇನ್ನೂ ಮೂರಿದ್ದವು. ಅಂಜಿನಯ್ಯ ಆರಿಸಿದ್ದು ಗೆಳೆಯನ ಎರಡು ನಿಮಿಷವನ್ನು. ತನ್ನ ಜೊತೆ ಗೋಲಿ ಆಡಿದವನು ಪರದೆಯ ಮೇಲೆ, ತಾನು ಕತ್ತಲೆ ಕೋಣೆಯಲ್ಲಿ. ಹೊಟ್ಟೆಕಿಚ್ಚಿಗೆ ಅಷ್ಟು ಸಾಕಾಗಿತ್ತು.

ಚಿತ್ರ ಬಿಡುಗಡೆಯಾದ ಶುಕ್ರವಾರ ಅಪ್ಪಯ್ಯ ಹೊಸ ಅಂಗಿ ತೊಟ್ಟು ಬೀದಿಯ ಮೂವತ್ತು ಜನರನ್ನು ಕಟ್ಟಿಕೊಂಡು ಬಂದ. ಪರದೆಯ ಮೇಲೆ ಅವನ ಮುಖವೇ ಬರಲಿಲ್ಲ. ಆಟ ಬಿಟ್ಟ ಮೇಲೆ ಆಪರೇಟರ್ ಕೋಣೆಯ ಮೆಟ್ಟಿಲ ಬಳಿ ಬಂದು, ತನ್ನ ಸೀನು ಏನಾಯಿತೆಂದು ಕೇಳಿದ. "ಡೈರೆಕ್ಟ್ರೇ ತೆಗೆದಿರ್ಬೇಕು ಬಿಡೋ" ಎಂದ ಅಂಜಿನಯ್ಯ. ಪೋಸ್ಟರಿನಲ್ಲಿ 'ಬೀಗ ನಿಮ್ದು, ಕೈ ನಮ್ದು' ಎಂದಷ್ಟೇ ಇತ್ತು. ಊರಲ್ಲಿ ಚಿತ್ರ ಓಡಿದ್ದು ಅದೊಂದೇ ಟಾಕೀಸಿನಲ್ಲಿ; ಆಡುವ ಬಾಯಿಯೇ ಇಲ್ಲದ ಮಾತನ್ನು ಊರು ಹೀರೊನ ಬಾಯಿಗೆ ತುರುಕಿತು. ಬೀದಿಯವರು ಅಪ್ಪಯ್ಯನನ್ನು ಕಂಡಾಗಲೆಲ್ಲ "ಹೀರೊ ಬಂದ್ರು, ದಾರಿ ಬಿಡ್ರಪ್ಪೋ" ಎಂದು ಆಡಿಕೊಂಡರು. ಅವನು ಮತ್ತೆ ಬಣ್ಣ ಹಚ್ಚಲಿಲ್ಲ.

ಈಗ ಗುಂಪಿಗೆ 'ನೆನಪಿಲ್ಲ' ಎಂದು ಬರೆದರೆ ಮುಗಿಯುತ್ತಿತ್ತು. ಬರೆದ, ಅಳಿಸಿದ. ತಾನೂ ನಕ್ಕ ಆ ನಗುಮುಖ ಫೋನಿನ ಪರದೆಯ ಮೇಲೆ ಹಲ್ಲು ಕಿರಿಯುತ್ತಲೇ ಇತ್ತು. ಅವನಿಗೆ ನಾಚಿಕೆಯಾಯಿತು. ಕೊನೆಗೆ ಒಂದು ಗಂಟೆ ಕೂತು ಎಲ್ಲವನ್ನೂ ಬರೆದ. ಮ್ಯಾನೇಜರನ ಮಾತನ್ನು ಸೇರಿಸಿದ, ಹೊಟ್ಟೆಕಿಚ್ಚನ್ನೂ ಬಿಡಲಿಲ್ಲ. ಬೈಗುಳ ಬಿದ್ದೀತೆಂದು ಕಾದರೆ ಬಂದದ್ದು ಚಪ್ಪಾಳೆ. "ಎಂಥಾ ಟ್ವಿಸ್ಟ್! ಲೆಜೆಂಡ್ ನೀವು" ಎಂದ ಸಂಕರ್ಷಣ. ಗೇಟಿನ ಜೋಕು ಹೊಡೆದವನೂ ಕೈ ಮುಗಿದ.

ಮರುದಿನ ಅಪ್ಪಯ್ಯ ಟೀಗೆ ಬರಲಿಲ್ಲ. ಅಂಜಿನಯ್ಯ ಅವನ ಮನೆಗೇ ಹೋದ. ಅಪ್ಪಯ್ಯ ಜಗಲಿಯ ಮೇಲೆ ಕೂತಿದ್ದ.

"ತಪ್ಪಾಯ್ತು ಕಣೋ" ಎಂದ ಅಂಜಿನಯ್ಯ.

"ನಂಗೆ ಆಗ್ಲೇ ಗೊತ್ತಿತ್ತು. ತುಮಕೂರಿಗೆ ಹೋಗಿ ನೋಡ್ದೆ. ಅಲ್ಲಿ ನಾನಿದ್ದೆ. ನನ್ ಸೀನಿನ ಹಿಂದೆ ಮುಂದೆ ಎರಡು ಕಡೆ ಚಿತ್ರ ಹಾರ್ತು. ಅಂಟಿಸಿದ ಕಡೆ ಹಂಗೆ ಹಾರತ್ತೆ ಅಂತ ಹೇಳ್ಕೊಟ್ಟಿದ್ದು ನೀನೇ."

"ಮತ್ತೆ ಇಷ್ಟು ವರ್ಷ ಯಾಕೋ ಕೇಳ್ಲಿಲ್ಲ?"

"ಕೇಳ್ದೆನಲ್ಲೋ, ಆವತ್ತೇ ಮೆಟ್ಟಿಲ ಹತ್ರ. ಆಮೇಲೆ ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ದಿನಾ ನಿನ್ ಜೊತೆ ನಡ್ಕೊಂಡ್ ಬಂದೆ." ಅಪ್ಪಯ್ಯನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಿನ್ನೆ ಸಾಯಂಕಾಲ ಮಗಳು ಓದಿ ಹೇಳಿದ್ಲು. ಹನ್ನೆರಡು ಸಾವಿರ ಜನಕ್ಕೆ ಹೇಳಿದ್ಯಲ್ಲೋ, ಅಂಜಿ. ಅವ್ರಿಗಿಂತ ಮೊದ್ಲು ನಂಗ್ ಹೇಳ್ಬಾರ್ದಾಗಿತ್ತಾ?"

ಅಂಜಿನಯ್ಯ ಜಗಲಿಯ ಕೆಳಗೆ ನಿಂತೇ ಇದ್ದ. ಅಪ್ಪಯ್ಯ ಕೂತ್ಕೋ ಎನ್ನಲಿಲ್ಲ.