ತಮ್ಮನದಲ್ಲದ ದುಡ್ಡು

ಬೆಳಗಿನ ಐದು ಗಂಟೆ. ಬಸ್ ಡಿಪೋದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಹದಿನೇಳನೇ ನಂಬರಿನ ಬಸ್ಸು ಬಾಗಿಲು ತೆರೆದುಕೊಂಡು ನಿಂತಿದೆ. ಒಳಗೆ ತಲೆಗೆ ಬಟ್ಟೆ ಕಟ್ಟಿದ ಹೆಂಗಸೊಬ್ಬರು ಹಿಂದಿನ ಸೀಟಿನಿಂದ ಗುಡಿಸುತ್ತ ಮುಂದಕ್ಕೆ ಬರುತ್ತಿದ್ದಾರೆ. ಹಿಂದಿನಿಂದಲೇ ಯಾಕೆ ಎಂದು ಕೇಳಿದರೆ, ಇಷ್ಟೂ ತಿಳಿಯದೇ ಎನ್ನುವಂತೆ ನೋಡುತ್ತಾರೆ. "ಬಾಗಿಲು ಮುಂದಿದೆ. ಮುಂದಿನಿಂದ ಗುಡಿಸ್ತಾ ಹೋದ್ರೆ ಕಸದ ಜೊತೆ ನಾನೂ ಹಿಂದೆ ಹೋಗಿ ಕೂರಬೇಕಾಗುತ್ತೆ."

ಡಿಪೋದಲ್ಲಿ ಇವರ ಹೆಸರು ಬಕೆಟ್ ಅಕ್ಕ. ವಯಸ್ಸು ನಲವತ್ತೈದು. ಮ್ಯಾನೇಜರಿಗೂ ಅಕ್ಕ, ಅರವತ್ತು ದಾಟಿದ ವಾಚ್‌ಮನ್‌ಗೂ ಅಕ್ಕ. ಬೆಳಗ್ಗೆ ಏಳರೊಳಗೆ ಹದಿನಾಲ್ಕು ಬಸ್ಸು, ಬಸ್ಸಿಗೆ ನಾಲ್ಕು ಬಕೆಟ್ ನೀರು. ಕೂಲಿ ತಿಂಗಳಿಗಿಷ್ಟು ಎಂದಿಲ್ಲ, ಬಸ್ಸಿಗಿಷ್ಟು. ಗುತ್ತಿಗೆದಾರ ವಾರಕ್ಕೊಮ್ಮೆ ಕೈಗೆ ಕೊಡುತ್ತಾನೆ. ಸೋಪಿನ ಪುಡಿ ಅವರ ಬೆರಳ ತುದಿಯ ಗೆರೆಗಳನ್ನೆಲ್ಲ ತಿಂದುಹಾಕಿದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರಗಳು ಇವರನ್ನು ಮನುಷ್ಯರೆಂದೇ ಒಪ್ಪುವುದಿಲ್ಲ.

ಸೀಟಿನ ಕೆಳಗೆ ಏನು ಸಿಕ್ಕರೂ ಸೀಟಿನ ನಂಬರು ಬರೆಸಿ ಆಫೀಸಿಗೆ ಕೊಡುವುದು ಅವರ ಅಭ್ಯಾಸ. ಹತ್ತೊಂಬತ್ತು ವರ್ಷಗಳಲ್ಲಿ ಕೊಟ್ಟ ಕೊಡೆಗಳಿಗೆ ಲೆಕ್ಕವಿಲ್ಲ. ಒಂದು ಉಂಗುರ, ಎರಡು ಕಾಲ್ಗೆಜ್ಜೆ, ಕನ್ನಡಕಗಳು, ಒಂದು ಜೊತೆ ಕಟ್ಟಿಸಿದ ಹಲ್ಲು. ಹಲ್ಲಿನ ಯಜಮಾನರು ಮಾರನೇ ದಿನ ಬಾಯಿ ಮುಚ್ಚಿಕೊಂಡೇ ಬಂದು, ಸನ್ನೆಯಲ್ಲೇ ಕೇಳಿ ಇಸಿದುಕೊಂಡು ಹೋದರಂತೆ. ಇಂಥವರ ಕೈಗೆ ಬಂದ ಬೇರೆಯವರ ವಸ್ತುವೊಂದು ಎರಡೂವರೆ ವರ್ಷ ಅವರ ತಲೆಯ ಮೇಲೆ ಸಾಲವಾಗಿ ಕೂತಿತ್ತು. ಈ ಶನಿವಾರ ಇಳಿದಿದೆ.

ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅಕ್ಕನಿಗೆ ಹತ್ತೊಂಬತ್ತು, ತಮ್ಮನಿಗೆ ಆರು. ಅವನನ್ನು ಸಾಕುವುದರಲ್ಲೇ ಮದುವೆಯ ಮಾತು ಹಿಂದೆ ಬಿತ್ತು, ಆಮೇಲೆ ಯಾರೂ ಎತ್ತಲಿಲ್ಲ. ಇಪ್ಪತ್ತಕ್ಕೆ ಅವನು ಕಟ್ಟಡದ ಕೆಲಸಕ್ಕೆಂದು ದೂರದ ಊರಿಗೆ ಹೊರಟ. ಹೊರಡುವ ಎರಡು ದಿನ ಮುಂಚೆ ಇಬ್ಬರೂ ಬ್ಯಾಂಕಿಗೆ ಹೋಗಿ ಅಕ್ಕನ ಹೆಸರಿನಲ್ಲಿ ಒಂದು ಖಾತೆ ತೆರೆದರು. ಆ ಖಾತೆ ಇದ್ದದ್ದು ಅವನು ಕಳಿಸುವ ಹಣಕ್ಕೆ ಮಾತ್ರ. ಅದರ ನಂಬರನ್ನು ಅವನು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡ.

"ಅವನು ಹೋದ ಬಸ್ಸೇ ಮಾರನೇ ದಿನ ವಾಪಸ್ ಬಂತು, ನನ್ನ ಪಾಲಿಗೇ ಬಂತು. ಅವನು ಕೂತಿದ್ದ ಸೀಟಿನ ಕೆಳಗೆ ಕಡಲೆಕಾಯಿ ಸಿಪ್ಪೆ. ಅವನೇ ತಿಂದಿದ್ದೋ ಬೇರೆ ಯಾರೋ, ಯಾರಿಗೆ ಗೊತ್ತು? ಗುಡಿಸೋಕೆ ಮನಸ್ಸು ಬರಲಿಲ್ಲ. ಕೆಲಸ ಅಲ್ವಾ, ಗುಡಿಸಿದೆ."

ಮೊದಲ ವರ್ಷ ಎರಡು ಸಲ ಫೋನು ಬಂತು. ಕೆಲಸ ಸಿಕ್ಕಿದೆ, ಕೂಲಿ ಕೈಗೆ ಬಂದ ತಕ್ಷಣ ಕಳಿಸುತ್ತೇನೆ ಎಂದ. ಆಮೇಲೆ ಆ ನಂಬರು ಹತ್ತಲಿಲ್ಲ. ಅಕ್ಕ ಕೂಡಿಟ್ಟಿದ್ದನ್ನೆಲ್ಲ ಖರ್ಚು ಮಾಡಿ ಆ ಊರಿಗೆ ಒಮ್ಮೆ ಹೋಗಿಬಂದರು. ಕಟ್ಟಡ ಮುಗಿದಿತ್ತು, ಅದರಲ್ಲಿ ಜನ ವಾಸವಾಗಿದ್ದರು. ಕಟ್ಟಿದವರು ಎಲ್ಲಿ ಹೋದರೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಪೊಲೀಸರು ಅರ್ಜಿ ಬರೆಸಿಕೊಂಡರು. ಅಷ್ಟೇ.

ವ್ಯವಹಾರವಿಲ್ಲದ ಖಾತೆ ನಿಂತುಹೋಗುತ್ತದೆ ಎಂದು ಬ್ಯಾಂಕಿನ ಗುಮಾಸ್ತರು ಒಮ್ಮೆ ಹೇಳಿದ್ದರು. ಅಂದಿನಿಂದ ಅಕ್ಕ ಆರು ತಿಂಗಳಿಗೊಮ್ಮೆ ಅದಕ್ಕೆ ನೂರು ಕಟ್ಟುತ್ತ ಬಂದರು. ಒಂಬತ್ತು ವರ್ಷ ಆ ಖಾತೆಗೆ ಅವರದಲ್ಲದ ಒಂದು ಕಾಸೂ ಬರಲಿಲ್ಲ.

ಎರಡೂವರೆ ವರ್ಷದ ಹಿಂದೆ ಒಂದು ಬೆಳಗ್ಗೆ ಅವರ ಹಳೆಯ ಫೋನು ಸದ್ದು ಮಾಡಿತು. ಓದಲು ಬಾರದ ಅಕ್ಕ ಅದನ್ನು ಟೈಮ್‌ಕೀಪರ್ ಕೈಗೆ ಕೊಟ್ಟರು. ಖಾತೆಗೆ ಅರವತ್ತೆರಡು ಸಾವಿರ ಜಮೆಯಾಗಿದೆ ಎಂದು ಅವರು ಓದಿದರು.

"ಯಾರು ಕಳಿಸಿದ್ದಂತೆ?"

"ಹೆಸರು ಬಂದಿಲ್ಲ ಅಕ್ಕ. ದುಡ್ಡು ಬಂದಿದೆ, ಅಷ್ಟೇ."

ಹೆಸರು ಬೇಕಾದದ್ದು ಬೇರೆಯವರಿಗೆ. ಆ ಖಾತೆಯ ನಂಬರು ಈ ಭೂಮಿಯ ಮೇಲೆ ಗೊತ್ತಿದ್ದದ್ದು ಒಬ್ಬನಿಗೆ. ಅಕ್ಕ ಬಕೆಟ್ಟನ್ನು ಅಲ್ಲೇ ಬಿಟ್ಟು ಬಸ್ಸಿನ ಮೆಟ್ಟಿಲ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ಡಿಪೋದವರು ನೋಡಿದ್ದು ಅದೇ ಮೊದಲು. ಸಂಜೆ ಎಲ್ಲರಿಗೂ ಸಿಹಿ ಹಂಚಿದರು. ಗುತ್ತಿಗೆದಾರನಿಗೂ ಎರಡು ಸಿಕ್ಕಿದವು, ಆಸಾಮಿ ಆ ಗೌರವಕ್ಕೆ ಅರ್ಹನಲ್ಲದಿದ್ದರೂ.

ದುಡ್ಡಿನ ಹಿಂದೆಯೇ ಹುಡುಗ ಬರುತ್ತಾನೆ ಎಂದುಕೊಂಡರು. ಬಂದರೆ ಮಲಗಲು ಜಾಗ ಬೇಡವೇ? ಅಕ್ಕನದು ಒಂದೇ ಕೋಣೆಯ ಮನೆ. ಅಡುಗೆಗೆ ಬಿಟ್ಟಿದ್ದ ಕಡೆಗೆ ಅಡ್ಡಗೋಡೆ ಹಾಕಿಸಿದರು, ಹಿತ್ತಲ ಕಡೆ ಕಿಟಕಿ ಒಡೆಸಿದರು, ಬಾಗಿಲಿಡಿಸಿದರು. ಒಂದು ಮಂಚ, ಹಾಸಿಗೆ, ಫ್ಯಾನು. ಇಪ್ಪತ್ತರಲ್ಲಿ ಹೋದವನು ಈಗ ಎಷ್ಟು ಉದ್ದವಾಗಿರುತ್ತಾನೋ ಎಂದು ಮಂಚವನ್ನು ಅರ್ಧ ಅಡಿ ಹೆಚ್ಚಿಗೆ ಮಾಡಿಸಿದರು. ಬಡಗಿ ನಕ್ಕು, ಇಪ್ಪತ್ತರ ಮೇಲೆ ಯಾರೂ ಬೆಳೆಯೋದಿಲ್ಲ ಎಂದನಂತೆ. ನಲವತ್ತೈದು ಸಾವಿರ ಹೀಗೆ ಕರಗಿತು.

ಐದನೇ ವಾರ ಬ್ಯಾಂಕಿನಿಂದ ಕರೆ ಬಂತು. ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಬಾಡಿಗೆ ಮನೆಗೆ ಮುಂಗಡ ಕಳಿಸುವಾಗ ಖಾತೆ ನಂಬರಿನಲ್ಲಿ ಒಂದು ಅಂಕೆ ತಪ್ಪು ಒತ್ತಿದ್ದರು. ಅಕ್ಕ ಹೋದಾಗ ಮೇಷ್ಟ್ರು ಅಲ್ಲೇ ಕೂತಿದ್ದರು, ಕೆಂಡವಾಗಿದ್ದರು. ಪೊಲೀಸರಿಗೆ ಹೇಳುವ ಮಾತೂ ಬಂತು. ಅಕ್ಕ ಅದಕ್ಕೆ ಹೆದರಲಿಲ್ಲ. ಗುಮಾಸ್ತರನ್ನು ಒಂದೇ ಮಾತು ಕೇಳಿದರು.

"ಹಾಗಾದ್ರೆ ಇದು ನನ್ನ ತಮ್ಮ ಕಳಿಸಿದ್ದಲ್ವಾ?"

"ಅಲ್ಲಮ್ಮ."

"ಇನ್ನೊಂದು ಸಲ ನೋಡಿ ಸ್ವಾಮಿ."

ಅವರು ಇನ್ನೊಂದು ಸಲ ನೋಡಿದರು. ಅಲ್ಲ.

ಉಳಿದಿದ್ದ ಹದಿನೇಳು ಸಾವಿರವನ್ನು ಅಕ್ಕ ಅಲ್ಲೇ ಹಿಂತಿರುಗಿಸಿದರು. ಮಿಕ್ಕಿದ್ದಕ್ಕೆ ತಿಂಗಳಿಗೆ ಒಂದೂವರೆ ಸಾವಿರದಂತೆ ಮೂವತ್ತು ಕಂತು ಎಂದಾಯಿತು. ಮಂಚ, ಫ್ಯಾನು ಮಾರಿದರೆ ಬೇಗ ತೀರುತ್ತದಲ್ಲ ಎಂದು ಗುಮಾಸ್ತರು ಸಲಹೆ ಕೊಟ್ಟರು. ಅದು ಅವನ ಮಂಚ, ನಾನು ಹೇಗೆ ಮಾರಲಿ ಎಂದರು ಅಕ್ಕ.

ಆದರೆ ಅವರ ನಿದ್ದೆ ಕೆಡಿಸಿದ್ದು ಬೇರೆಯೇ. ಬಾಕಿ ತೀರುವ ತನಕ ಬ್ಯಾಂಕು ಆ ಖಾತೆಯನ್ನು ಹಿಡಿದಿಟ್ಟಿತು. ಯಾರೇ ಹಾಕಲಿ, ಎಷ್ಟೇ ಹಾಕಲಿ, ಅದು ಮೊದಲು ಮೇಷ್ಟ್ರ ಬಾಕಿಗೆ ಹೋಗುತ್ತದೆ ಎಂದು ಗುಮಾಸ್ತರು ವಿವರಿಸಿದರು. ಒಂಬತ್ತು ವರ್ಷ ಸುಮ್ಮನಿದ್ದವನು ಈಗಲೇ ಕಳಿಸಿಬಿಟ್ಟರೆ? ಅವನ ಮೊದಲ ಗಳಿಕೆ ಅಕ್ಕನ ಕಣ್ಣಿಗೂ ಬೀಳದೆ ಬೇರೆಯವರ ಪಾಲಾದರೆ? ಮಾರನೇ ದಿನವೇ ಗುತ್ತಿಗೆದಾರನ ಬೆನ್ನು ಬಿದ್ದು ಮಧ್ಯಾಹ್ನದ ಆರು ಬಸ್ಸುಗಳನ್ನೂ ಕೇಳಿ ಪಡೆದರು. ಹೊಸ ಕೋಣೆಯ ಮಂಚದ ಮೇಲೆ ಈವರೆಗೆ ಯಾರೂ ಮಲಗಿಲ್ಲ. ಅಕ್ಕ ಮಲಗುವುದು ಅಡ್ಡಗೋಡೆಯ ಈಚೆ, ಚಾಪೆಯ ಮೇಲೆ. ದಿನಕ್ಕೆ ಇಪ್ಪತ್ತು ಬಸ್ಸು ತೊಳೆದ ಸೊಂಟ ನೆಲದಿಂದ ಏಳಲು ಹೊತ್ತು ಹಿಡಿಯುತ್ತದೆ.

ಕೆಂಡವಾಗಿದ್ದ ಮೇಷ್ಟ್ರು ತಿಂಗಳು ತಿಂಗಳು ಇವರನ್ನು ಬ್ಯಾಂಕಿನಲ್ಲಿ ನೋಡುತ್ತ ಮೆತ್ತಗಾದರು. ಎಂಟು ಕಂತು ಉಳಿದಿರುವಾಗ, "ಸಾಕಮ್ಮ, ಮಿಕ್ಕಿದ್ದು ಬಿಟ್ಟುಬಿಡು, ನಾನು ಬರೆದುಕೊಡ್ತೀನಿ," ಎಂದರು. ಅಕ್ಕ ಕೈ ಮುಗಿದು ಬೇಡವೆಂದರು. "ನಿಮ್ಮದು ಒಂದು ಕಾಸೂ ಇದರಲ್ಲಿ ಇರಬಾರದು ಮೇಷ್ಟ್ರೇ. ನಾಳೆ ಅವನದು ಬಂದ್ರೆ ಪೂರ್ತಿ ಅವನದೇ ಅಂತ ನನಗೆ ಗೊತ್ತಾಗ್ಬೇಕು."

ಬರಬಹುದು ಎಂದು ಈಗಲೂ ನಂಬುತ್ತೀರಾ ಎಂದು ಕೇಳಿದರೆ, ಹಿಂಡುತ್ತಿದ್ದ ಬಟ್ಟೆಯನ್ನು ಹಿಂಡುತ್ತಲೇ ಇರುತ್ತಾರೆ, ನೀರು ನಿಂತ ಮೇಲೂ. "ಬಸ್ಸು ಹೊರಡುವಾಗ ನಾನು ಕಿಟಕಿ ಹತ್ರ ನಿಂತು ತಮಾಷೆಗೆ ಒಂದು ಮಾತು ಅಂದೆ. ಬರಿಗೈಲಿ ಬಂದೀಯ, ಬಾಗಿಲು ತೆಗೆಯಲ್ಲ ನೋಡು, ಅಂತ. ಅವನೂ ನಕ್ಕ. ಆದ್ರೆ ಅವನು ಸಣ್ಣದಕ್ಕೂ ಮನಸ್ಸಿಗೆ ಹಚ್ಚಿಕೊಳ್ಳೋನು. ಎಲ್ಲೋ ಕೂತು ಅದನ್ನೇ ಯೋಚಿಸ್ತಿದ್ದಾನೋ ಏನೋ." ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲವಂತೆ.

ಶನಿವಾರ ಬೆಳಗಿನ ಬಸ್ಸುಗಳನ್ನು ಮುಗಿಸಿ ಅಕ್ಕ ಮೂವತ್ತನೇ ಕಂತು ಕಟ್ಟುತ್ತಾರೆ. ಮೇಷ್ಟ್ರು ಬಂದಿದ್ದಾರೆ, ಕನ್ನಡಕ ಒರೆಸುತ್ತಾರೆ. ಗುಮಾಸ್ತರು ರಸೀದಿಗೆ ಮೊಹರು ಒತ್ತಿ, ಖಾತೆ ಬಿಡುಗಡೆಯಾಯಿತು ಎನ್ನುತ್ತಾರೆ. ಅಕ್ಕ ಕದಲುವುದಿಲ್ಲ. ಈ ಎರಡೂವರೆ ವರ್ಷದಲ್ಲಿ ಬೇರೆ ಯಾರಾದರೂ ಏನಾದರೂ ಹಾಕಿದ್ದರೇ, ಹಾಕಿ ಅದು ಬಾಕಿಗೆ ಹೋಗಿಬಿಟ್ಟಿತೇ, ನೋಡಿ ಹೇಳಿ ಎನ್ನುತ್ತಾರೆ. ಗುಮಾಸ್ತರು ಮೊದಲಿನಿಂದ ಕೊನೆಯವರೆಗೂ ನೋಡುತ್ತಾರೆ. ಯಾರೂ ಹಾಕಿಲ್ಲ.

"ಸರಿ ಹಾಗಾದ್ರೆ. ಅವನದು ಏನೂ ಕಳೆದುಹೋಗಿಲ್ಲ," ಎಂದು ಅಕ್ಕ ಹೊರಗೆ ಬರುತ್ತಾರೆ. ಮಧ್ಯಾಹ್ನದ ಬಸ್ಸುಗಳಿಗೆ ಇನ್ನೂ ಹೊತ್ತಿದೆ. ಬ್ಯಾಂಕಿನ ಮೆಟ್ಟಿಲ ಮೇಲೆ ರಸೀದಿಯನ್ನು ನಾಲ್ಕಾಗಿ ಮಡಚುತ್ತ, ಯಾರೂ ಕೇಳದಿದ್ದರೂ ಹೇಳುತ್ತಾರೆ.

"ಸಾವಿರಗಟ್ಟಲೆ ಬೇಡ ನನಗೆ. ಒಂದೇ ಒಂದು ರೂಪಾಯಿ ಹಾಕಲಿ. ಪಕ್ಕದಲ್ಲಿ ಅವನ ಹೆಸರಿರಲಿ. ಓದಿಸ್ಕೊಳ್ತೀನಿ."