ಹೂವು ನಿಲ್ಲದ ತಲೆ

ಮಗಳ ಮದುವೆ ಗೊತ್ತಾದ ದಿನ ಎಲ್ಲರೂ ಛತ್ರ, ಅಡುಗೆಯವರು ಎಂದು ಮಾತಾಡುತ್ತಿದ್ದರೆ ನನಗೆ ಒಂದೇ ಚಿಂತೆ: ಧಾರೆಯ ಹೊತ್ತಿಗೆ ನನ್ನ ತಲೆಯಲ್ಲಿ ಹೂವು ನಿಲ್ಲುತ್ತದೆಯೇ? ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿತ್ತು. ಅರಿಶಿನ ಕುಂಕುಮಕ್ಕೆ ಕರೆದವರು ಕೊಟ್ಟ ಮಲ್ಲಿಗೆ ಮುಡಿದರೆ ಅವರ ಗೇಟು ದಾಟುವಷ್ಟರಲ್ಲಿ ಜಾರಿ ಬೀಳುತ್ತಿತ್ತು. ಆಮೇಲಾಮೇಲೆ ಬ್ಯಾಗಿಗೆ ಹಾಕಿಕೊಳ್ಳತೊಡಗಿದೆ. "ಇದೇನ್ರೀ, ಮುಡ್ಕೊಳಲ್ವಾ?" ಎಂದು ಕೇಳಿದವರ ಮೇಲೆಲ್ಲ ಸಿಟ್ಟು. ಕನ್ನಡಿಯ ಮೇಲೆ ಇನ್ನೂ ಸಿಟ್ಟು.

ಕೊನೆಗೆ ಜಯನಗರದ ಒಂದು ಕ್ಲಿನಿಕ್ಕಿಗೆ ಹೋದೆ. ಪಿಆರ್‌ಪಿ ಅಂತ ಚಿಕಿತ್ಸೆ, ಆಪರೇಷನ್ ಏನೂ ಇಲ್ಲ. ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ನೆತ್ತಿಗೆ ಚುಚ್ಚುತ್ತಾರೆ. ಎಣ್ಣೆ ಹಾಕದೆ ಬನ್ನಿ ಎಂದಿದ್ದರು. ಮನೆಯಲ್ಲಿ ನಮ್ಮ ಜೊತೆಗೇ ಇರುವ ಅಮ್ಮ ಬಿಟ್ಟಾಳೆಯೇ? ರಕ್ತ ತೆಗೆದರೆ ಉಷ್ಣವಾಗುತ್ತದೆ ಎಂದು ಬೆಳಿಗ್ಗೆಯೇ ಅಂಗೈ ತುಂಬ ಹರಳೆಣ್ಣೆ ತಂದು ತಟ್ಟಿಬಿಟ್ಟಳು. ಕ್ಲಿನಿಕ್ಕಿನ ಹುಡುಗಿ ಮುಟ್ಟಿ ನೋಡಿ, "ಆಂಟಿ, ಇಷ್ಟೊಂದು ಎಣ್ಣೆ ಇದ್ರೆ ಮಾಡಕ್ಕಾಗಲ್ಲ" ಎಂದು ವಾಪಸು ಕಳಿಸಿದಳು. ಮನೆಗೆ ಬಂದು ಅಮ್ಮನ ಮೇಲೆ ಹಾರಾಡಿದೆ.

ಮುಂದಿನ ವಾರ ಅವಳೂ ಬಾಯಿ ಮುಚ್ಚಿಕೊಂಡು ಜೊತೆಗೆ ಬಂದಳು. ಡಾಕ್ಟರು ಕೂದಲು ಸರಿಸಿದಾಗ ನನ್ನ ನೆತ್ತಿಯನ್ನು ಬೆಳಕಿನಲ್ಲಿ ನೋಡಿದಳು. ಸೂಜಿ ಚುಚ್ಚಿದ್ದು ನನಗೆ, ಕಣ್ಣೊರೆಸಿಕೊಂಡದ್ದು ಅವಳು. "ತಿಂಗಳುಗಳೇ ಬೇಕು. ಎಲ್ಲರಿಗೂ ಒಂದೇ ಥರ ಬರಲ್ಲ" ಎಂದರು ಡಾಕ್ಟರು.

ಆಟೋದಲ್ಲಿ ಅಮ್ಮ ಕೇಳಿದಳು. "ಅದು ನಿನ್ನದೇ ರಕ್ತಾನಾ? ಬೇರೆಯವರದ್ದು ಸೇರಿಸಲ್ವಾ?"

"ನನ್ನದೇ ಅಮ್ಮ."

"ಹಾಗಾದ್ರೆ ಪರವಾಗಿಲ್ಲ."

ಅವಳದೂ ತೆಳುಗೂದಲೇ. ಮೊದಲಿನಿಂದಲೂ ಚೌರಿ ಸೇರಿಸಿ ತುರುಬು ಕಟ್ಟುವವಳು. ಚೌರಿಯಿಲ್ಲದೆ ಹಾಲಿನವನಿಗೂ ಬಾಗಿಲು ತೆಗೆದವಳಲ್ಲ. ತಲೆಯೆಲ್ಲ ಬೆಳ್ಳಗಾದರೂ ಅದು ಮಾತ್ರ ಕರ್ರಗೇ ಇತ್ತು. "ಎಂಜಿನ್ ಒಂದು ಬಣ್ಣ, ಬೋಗಿ ಒಂದು ಬಣ್ಣ" ಎಂದು ರೇಗಿಸುತ್ತಿದ್ದೆ. ಬೇರೆ ಕೊಡಿಸುತ್ತೇನೆಂದರೂ ಒಪ್ಪುತ್ತಿರಲಿಲ್ಲ.

ಮದುವೆಯ ಹೊತ್ತಿಗೆ ಉದುರುವುದು ಕಡಿಮೆಯಾಗಿ, ಬೈತಲೆಯ ಅಂಚಿನಲ್ಲಿ ಸಣ್ಣ ಕೂದಲು ಕಾಣಿಸಿಕೊಂಡಿತ್ತು. ನನಗೆ ಸಂತೋಷವೇ. ಆದರೆ ಹೂವಿನ ಭಾರ ಹೊರುವಷ್ಟಿರಲಿಲ್ಲ. ಛತ್ರದ ಕೋಣೆಯಲ್ಲಿ ಪಿನ್ನು ಚುಚ್ಚಿ ಚುಚ್ಚಿ ಸೋತು, ಮಲ್ಲಿಗೆ ದಂಡೆಯನ್ನು ಮಂಚದ ಮೇಲೆ ಎಸೆದು ಕೂತೆ. ಅಮ್ಮ ಬಾಗಿಲು ಹಾಕಿದಳು. ತನ್ನ ತುರುಬು ಬಿಚ್ಚಿ, ಚೌರಿ ತೆಗೆದು ನನ್ನ ಕೂದಲಿಗೆ ಸೇರಿಸತೊಡಗಿದಳು. ನಾನು ಬೇಡವೆಂದು ತಲೆ ಕೊಡವಿದೆ.

"ಸುಮ್ನಿರೇ. ಇದೂ ನಿನ್ನದೇ. ಚಿಕ್ಕೋಳಿದ್ದಾಗ ನಿನ್ನ ತಲೆ ಬಾಚಿ, ಉದುರಿದ್ದನ್ನೆಲ್ಲ ಕೂಡಿಟ್ಟು ಕಟ್ಟಿಸಿದ್ದು."

ಆಗ ನೆನಪಾಯಿತು. ಬಾಚಣಿಗೆಯ ಕೂದಲನ್ನು ಬೆರಳಿಗೆ ಸುತ್ತಿ ಬಟ್ಟೆಯ ಚೀಲಕ್ಕೆ ತುರುಕುತ್ತಿದ್ದಳು. ಚೌರಿ ಕಟ್ಟುವ ಹೆಂಗಸು ಬೀದಿಗೆ ಬಂದರೆ ಓಡಿಹೋಗಿ ಕರೆಯುತ್ತಿದ್ದವಳು ನಾನೇ. ತಲೆ ಬಗ್ಗಿಸಿದೆ. ಅಳು ಬಂತು.

ಧಾರೆ ಮುಗಿಯುವವರೆಗೂ ಹೂವು ಅಲುಗಲಿಲ್ಲ. ಎದುರಿಗೇ ಅಮ್ಮ, ನಿಂಬೆಹಣ್ಣಿನ ಗಾತ್ರದ ಬಿಳಿ ತುರುಬಿನಲ್ಲಿ, ಬಂದವರನ್ನೆಲ್ಲ ಮಾತಾಡಿಸುತ್ತಾ ಕೂತಿದ್ದಳು. ಫೋಟೋದವನು ಕರೆದಾಗಲೂ ತಲೆಯ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ.