ಹಸಿ ಅತ್ತೆಯ ಬಿಸ್ಕತ್ತು
ಬೀದಿಗೆಲ್ಲ ಅವರು ಹಸಿ ಅತ್ತೆ. ಖರ್ಜೂರ, ಬಾದಾಮಿ ರುಬ್ಬಿ, ನಡುವೆ ಅಂಜೂರದ ಹೂರಣ ತುಂಬಿ ಬಿಸ್ಕತ್ತು ತಟ್ಟುತ್ತಾರೆ. ಒಲೆ ಮಾತ್ರ ಹಚ್ಚುವುದಿಲ್ಲ. "ಬೇಯೋಕೆ ನಾನೊಬ್ಬಳು ಇದ್ದೀನಲ್ಲ, ಸಾಕು" ಎನ್ನುತ್ತ ಬಂದವರ ಕೈಗೆಲ್ಲ ಒಂದೊಂದು ತುರುಕುತ್ತಾರೆ. ಕಷ್ಟವಿರುವುದು ಗಂಡನಿಗೆ ತಿನ್ನಿಸುವುದರಲ್ಲಿ. ನಲವತ್ತು ವರ್ಷ ಬೇಕರಿಯಲ್ಲಿ ದುಡಿದ ಮಾವನಿಗೆ ಡಾಕ್ಟರು ಮೈದಾ, ಬೆಣ್ಣೆ ಬಿಡಿಸಿದ್ದಾರೆ. ನೆನಪು ತಾನಾಗಿಯೇ ಬಿಟ್ಟುಹೋಗಿದೆ. ಅವರು ಬಿಸ್ಕತ್ತಿನ ತಳವನ್ನು ಉಗುರಿನಿಂದ ತಟ್ಟಿ ನೋಡಿ, "ಇನ್ನೂ ಬೆಂದಿಲ್ಲ ಕಣೇ" ಎಂದು ತಳ್ಳಿಬಿಡುತ್ತಾರೆ. ಊಟ ಬಿಟ್ಟು ಸೊರಗಿದವರು ಇದನ್ನೂ ಬಿಟ್ಟರೆ ಗತಿಯೇನು? "ಹೌದ್ರೀ, ಇನ್ನೈದು ನಿಮಿಷ" ಎಂದು ಅತ್ತೆ ತಟ್ಟೆಯನ್ನು ತಣ್ಣಗಿನ ಓವನ್ನಿನಲ್ಲಿಟ್ಟು ಕಾಯುತ್ತಾರೆ. ಆಮೇಲೆ ದಪ್ಪ ಬಟ್ಟೆಯಲ್ಲಿ ಹಿಡಿದು ಹೊರತೆಗೆದು, ಹಸಿ ಸುಳ್ಳೊಂದನ್ನು ಹೇಳುತ್ತಾರೆ: "ಸುಡ್ತಿದೆ, ಊದ್ಕೊಂಡು ತಿನ್ನಿ." ಮಾವ ಊದಿ ಊದಿ ತಿನ್ನುತ್ತಾರೆ. ಎದುರಿಗೆ ಕೂತು ಅತ್ತೆಯೂ ಊದುತ್ತಾರೆ.